ಮತಗಟ್ಟೆಯ ಬಾಗಿಲಲ್ಲೊಂದು ಪರೀಕ್ಷೆ

ಓದುಗರ ಪತ್ರ: ಕಾರು ಓಡಿಸಲು ಪರವಾನಗಿ ಬೇಕು. ಸರ್ಕಾರವನ್ನು ಆರಿಸಲು ವಯಸ್ಸೊಂದೇ ಸಾಕೇ? ಪ್ರಾಧ್ಯಾಪಕರ ಮತಕ್ಕೂ ಅಕ್ಷರ ತಿಳಿಯದವರ ಮತಕ್ಕೂ ಒಂದೇ ಬೆಲೆ ಎಂಬುದು ನ್ಯಾಯವೇ? ಮತದಾರರಿಗೆ ಸಣ್ಣದೊಂದು ಪರೀಕ್ಷೆ ಇಟ್ಟರೆ ತಪ್ಪೇನು?

ಸಂಪಾದಕರ ಉತ್ತರ: ಮಾನ್ಯರೇ, ಫಲಿತಾಂಶ ಬಂದ ದಿನ ನನಗೂ ಹೀಗೆಯೇ ಅನ್ನಿಸಿದ್ದುಂಟು. ಆದರೆ ನೀವು ಸೂಚಿಸುವ ಮದ್ದನ್ನು ಜಗತ್ತು ಆಗಲೇ ಕುಡಿದು ನೋಡಿದೆ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರಂಥ ಉದಾರವಾದಿಯೇ 1861ರಲ್ಲಿ, ಕಲಿತವರಿಗೆ ಒಂದಕ್ಕಿಂತ ಹೆಚ್ಚು ಮತವಿರಲಿ ಎಂದು ವಾದಿಸಿದ್ದರು. 1893ರಲ್ಲಿ ಬೆಲ್ಜಿಯಂ ಇಂಥದ್ದನ್ನೇ ಕಾನೂನು ಮಾಡಿತು: ವಯಸ್ಕ ಗಂಡಸರಿಗೆಲ್ಲ ಒಂದು ಮತ, ಆಸ್ತಿ ಪದವಿಗಳಿದ್ದವರಿಗೆ ಮೂರರವರೆಗೆ. ಅದು 1919ರಲ್ಲಿ ಹೋಯಿತು. ಬ್ರಿಟನ್ನಿನ ಪದವೀಧರರು ತಮ್ಮ ಊರಿನ ಮತದ ಜೊತೆಗೆ ವಿಶ್ವವಿದ್ಯಾಲಯದ ಕ್ಷೇತ್ರದಲ್ಲೂ ಒಂದು ಮತ ಹಾಕುತ್ತಿದ್ದರು. 1948ರ ಕಾನೂನು ಬರುವವರೆಗೂ ಅದು ನಡೆಯಿತು.

ಪ್ರಶ್ನೆಪತ್ರಿಕೆ ಬರೆಯುವವರು ಯಾರು, ಅಂಕ ಹಾಕುವವರು ಯಾರು ಎಂಬುದು ನಿಮ್ಮ ಪತ್ರದಲ್ಲಿಲ್ಲ. ಇಡೀ ಕಥೆ ಇರುವುದೇ ಅಲ್ಲಿ. ಜನಾಂಗದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸಂವಿಧಾನ 1870ರಲ್ಲೇ ಹೇಳಿತ್ತು. ದಕ್ಷಿಣದ ರಾಜ್ಯಗಳು ಜನಾಂಗದ ಮಾತೇ ಎತ್ತಲಿಲ್ಲ, ಪರೀಕ್ಷೆ ಇಟ್ಟವು. 1890ರ ಮಿಸಿಸಿಪ್ಪಿ ಸಂವಿಧಾನದ ಪ್ರಕಾರ ಮತದಾರನಾಗಬೇಕೆಂದರೆ ಆ ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕಿತ್ತು, ಇಲ್ಲವೇ ಓದಿಸಿ ಕೇಳಿ ಅದರ ಅರ್ಥ ಹೇಳಬೇಕಿತ್ತು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ಬಿಳಿಯ ಅಧಿಕಾರಿಗಳು. ಉತ್ತರ ಏನಿದ್ದರೂ ಕಪ್ಪು ಜನ ನಪಾಸು. ಹಾಗಾದರೆ ಓದು ಬಾರದ ಬಿಳಿಯರ ಗತಿ? ಲೂಯಿಸಿಯಾನಾ 1898ರಲ್ಲಿ ಅದಕ್ಕೂ ದಾರಿ ಹುಡುಕಿತು: 1867ಕ್ಕೆ ಮೊದಲೇ ಅಪ್ಪನಿಗೋ ಅಜ್ಜನಿಗೋ ಮತವಿದ್ದರೆ ಪರೀಕ್ಷೆಯೇ ಇಲ್ಲ. ಗುಲಾಮರಾಗಿದ್ದವರ ಅಜ್ಜನಿಗೆ ಮತ ಎಲ್ಲಿಂದ ಬರಬೇಕು? ಅಜ್ಜನ ಹೆಸರಿನ ಇಂಥ ರಿಯಾಯಿತಿಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1915ರಲ್ಲಿ ಅಸಿಂಧುಗೊಳಿಸಿತು; ಪರೀಕ್ಷೆಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಮಾತ್ರ 1965ರ ಮತದಾನ ಹಕ್ಕು ಕಾಯ್ದೆಯಿಂದ.

ನಿಜಕ್ಕೂ ವಿದ್ಯೆಯೇ ಅಳತೆಗೋಲಾಗಿದ್ದರೆ ಮೇರಿ ಕ್ಯೂರಿಗೆ ಮತ ಸಿಗಬೇಕಿತ್ತು. ಎರಡು ನೊಬೆಲ್ ಪಡೆದ ಆಕೆ 1934ರಲ್ಲಿ ತೀರಿಕೊಂಡಾಗಲೂ ಫ್ರಾನ್ಸಿನ ಹೆಂಗಸರಿಗೆ ಮತದ ಹಕ್ಕಿರಲಿಲ್ಲ. ಮಗಳು ಐರೀನ್ 1936ರಲ್ಲಿ ಅಲ್ಲಿನ ಸರ್ಕಾರದಲ್ಲೇ ಉಪಸಚಿವೆಯಾದರು. ಆಗಲೂ ಮತವಿಲ್ಲ! ಹಕ್ಕು ಬಂದದ್ದು 1944ರಲ್ಲಿ.

ನಿಮ್ಮ ಕಾರಿನ ಹೋಲಿಕೆಗೆ ಬರುತ್ತೇನೆ. ಮತದಾರರು ಚಾಲಕರಲ್ಲ, ಪ್ರಯಾಣಿಕರು. ತೆರಿಗೆ ಕಟ್ಟುವವರು, ಕಾನೂನಿಗೆ ತಲೆಬಾಗುವವರು, ಚಾಲಕ ಹಳ್ಳಕ್ಕೆ ಇಳಿಸಿದರೆ ಜೊತೆಗೇ ಬೀಳುವವರು. ಚಾಲಕನನ್ನು ಬದಲಿಸಿ ಎನ್ನಲು ಅವರಿಗೇಕೆ ಪರವಾನಗಿ?

ಭಾರತದ ಮೊದಲ ಸಾರ್ವತ್ರಿಕ ಚುನಾವಣೆ 1951-52ರಲ್ಲಿ ನಡೆದಾಗ ಮತದಾರರು 17 ಕೋಟಿಗೂ ಹೆಚ್ಚು. ಬಹುಪಾಲು ಜನರಿಗೆ ಓದು ಬರಹ ಗೊತ್ತಿರಲಿಲ್ಲ. ಜನರಿಗೆ ಪರೀಕ್ಷೆ ಇಡುವ ಬದಲು ಆಯೋಗ ತಾನೇ ಪರೀಕ್ಷೆಗೆ ಕುಳಿತಂತಾಯಿತು: ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಹಾಗೆಂದು ಎಲ್ಲವೂ ಸರಿಯಾಗಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರನ್ನು ಹೇಳಿರಲಿಲ್ಲ.