ಸೊಪ್ಪು, ಹಲ್ಲು ಮತ್ತು ಐಎನ್‌ಆರ್: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಮೆಕ್ಯಾನಿಕಲ್ ವಾಲ್ವ್ (ಕೃತಕ ಕವಾಟ) ಹಾಕಿಸಿಕೊಂಡಿರುವ ನಿಮ್ಮ ತಾಯಿಯವರು ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬುದರ ಅಳತೆ) ಏರುಪೇರಾಗುವ ಭಯದಿಂದ ಸೊಪ್ಪನ್ನೇ ಬಿಟ್ಟಿರುವುದು ಸರಿಯೇ, ಹಲ್ಲು ಕೀಳಿಸುವ ಮುನ್ನ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರಾಮ್ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಇದೇ ಕವಾಟವನ್ನು ಬದಲಿಸಿಕೊಂಡವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಪಾಲಕ್, ನುಗ್ಗೆಸೊಪ್ಪು, ದಂಟಿನ ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಪರಿಣಾಮವನ್ನು ತಗ್ಗಿಸುವುದು ನಿಜ. ಆದರೂ ಸೊಪ್ಪನ್ನು ಪೂರ್ತಿ ಬಿಡುವ ಅಗತ್ಯವಿಲ್ಲ; ವಾರಗಟ್ಟಲೆ ಮುಟ್ಟದೆ ಇದ್ದು, ಆಮೇಲೆ ಬಸ್ಸಾರು, ಪಲ್ಯ ಎಂದು ದಿನವೂ ಎರಡು ಹೊತ್ತು ತಿನ್ನತೊಡಗಿದಾಗಲೇ ಐಎನ್‌ಆರ್ ಇಳಿಯುವುದು. ಪ್ರತಿ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೊಪ್ಪು ತಿನ್ನುತ್ತ, ಆ ಊಟಕ್ಕೆ ತಕ್ಕಂತೆ ವೈದ್ಯರಿಂದ ಮಾತ್ರೆಯ ಪ್ರಮಾಣ ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ. ಮೈಟ್ರಲ್ ಸ್ಥಾನದ ಮೆಕ್ಯಾನಿಕಲ್ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವಿನ ಐಎನ್‌ಆರ್ ಇಟ್ಟುಕೊಳ್ಳುತ್ತಾರೆ.

ಹಲ್ಲಿನ ವಿಷಯದಲ್ಲಿ ಮಾತ್ರ ದಯವಿಟ್ಟು ಸ್ವಂತ ತೀರ್ಮಾನ ಬೇಡ. ಮಾತ್ರೆ ನಿಲ್ಲಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಐಎನ್‌ಆರ್ ಪರೀಕ್ಷಿಸಿ, ಮಾತ್ರೆ ಮುಂದುವರಿಸಿಯೇ ಹಲ್ಲು ಕೀಳುವುದು ಅನೇಕ ಸಲ ಸಾಧ್ಯ. ಕವಾಟಕ್ಕೆ ಸೋಂಕು ತಗಲದಂತೆ ಅದಕ್ಕೆ ಮೊದಲು ಆಂಟಿಬಯೋಟಿಕ್ ಕೂಡ ಕೊಡುತ್ತಾರೆ. ಹೃದ್ರೋಗ ತಜ್ಞರ ಚೀಟಿಯನ್ನು ದಂತವೈದ್ಯರಿಗೆ ಮೊದಲೇ ತೋರಿಸಿ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ನಮ್ಮ ಕಡೆ ಕೇಳುವ ಮೊದಲೇ ಸೊಂಟಕ್ಕೆ ಸೂಜಿ ಚುಚ್ಚುವವರಿದ್ದಾರೆ, ಅದನ್ನೂ ತಡೆಯಿರಿ. ಮಲ ಕಪ್ಪಾದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಿಸಬೇಡಿ.