ಭಜನೆ ರೆಕಾರ್ಡಿಂಗ್‌ಗೆ ಆಟೋಟ್ಯೂನ್ (ದನಿಯ ಸ್ವರ ತಿದ್ದುವ ಸಾಫ್ಟ್‌ವೇರ್) ಹಾಕಿದರೆ ದನಿ ರೋಬೋಟ್ ಥರ ಯಾಕಾಗುತ್ತೆ?

ರಿಟ್ಯೂನ್ ಸ್ಪೀಡ್, ಅಂದರೆ ಸ್ವರವನ್ನು ಎಷ್ಟು ಬೇಗ ತಿದ್ದಬೇಕೆಂಬ ಸೆಟ್ಟಿಂಗ್, ಸೊನ್ನೆ ಹತ್ತಿರ ಇದ್ದರೆ ಹಾಗಾಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುವ ಬದಲು ಥಟ್ಟನೆ ಹಾರುತ್ತದೆ, ಗಮಕವೆಲ್ಲ ಸಪಾಟಾಗಿ ಬಿಡುತ್ತದೆ. 30ರಿಂದ 50ರ ಮಧ್ಯೆ ಇಟ್ಟು ಕೇಳಿ.

ಇನ್ನೊಂದು ಮುಖ್ಯ ವಿಷಯ, ಶ್ರುತಿ. ಇಲ್ಲಿ ಮುಂಬೈಯಲ್ಲಿ, ಮಾಟುಂಗಾ, ಡೊಂಬಿವಲಿ ಕಡೆ ನಮ್ಮ ಮಂಡಳಿಗಳು ಹಾಡೋದು ಹಾರ್ಮೋನಿಯಂ ಜೊತೆ ಅಲ್ವಾ, ಆ ಪೆಟ್ಟಿಗೆ, ಸಾಫ್ಟ್‌ವೇರ್ ಸಾಮಾನ್ಯವಾಗಿ A ಸ್ವರಕ್ಕೆ ಹಿಡಿಯುವ 440 ಹರ್ಟ್ಸ್‌ಗೆ ಕೂಡದಿದ್ದರೆ ಸರಿಯಾಗಿ ಹಾಡಿದ್ದನ್ನೂ ಸಾಫ್ಟ್‌ವೇರ್ ಬೇರೆ ಕಡೆ ಎಳೆಯುತ್ತದೆ. ಮೊದಲು ಷಡ್ಜವನ್ನು ಟ್ಯೂನರ್‌ನಲ್ಲಿ ನೋಡಿ, ಸಾಫ್ಟ್‌ವೇರ್‌ನ ರೆಫರೆನ್ಸ್ ಪಿಚ್ (ಆಧಾರ ಶ್ರುತಿ) ಅದಕ್ಕೆ ಹೊಂದಿಸಿ. ಸುಮ್ನೆ ಇಡೀ ಹಾಡಿಗೆ ಆಟೋಟ್ಯೂನ್ ಹಾಕಬೇಡಿ. ಮೆಲೋಡೈನ್ (ಒಂದೊಂದೇ ಸ್ವರ ತಿದ್ದಬಹುದಾದ ಸಾಫ್ಟ್‌ವೇರ್) ಇದ್ದರೆ ಅಪಸ್ವರ ಬಂದ ಜಾಗವನ್ನಷ್ಟೇ ಕೈಯಾರೆ ತಿದ್ದಿ, ರಿವರ್ಬ್ (ಮಾರ್ದನಿ) ಆಮೇಲೆ ಹಾಕಿ.