ಓದುಗರ ಪ್ರಶ್ನೆ: ಸುಟ್ಟ ಬೆರಳು, ಬಿದ್ದುಹೋದ ಬಲಗೈ

ಪ್ರಶ್ನೆ: ದೋಸೆ ಹುಯ್ಯುವಾಗ ಕಾವಲಿಯ ಅಂಚಿಗೆ ಬೆರಳು ತಗುಲಿದರೆ ಕೈ ತಾನಾಗಿಯೇ ಹಿಂದಕ್ಕೆ ಬಂದುಬಿಡುತ್ತದೆ, ಉರಿ ಗೊತ್ತಾಗುವುದು ಆಮೇಲೆ. ಮೆದುಳಿಗಿಂತ ಮೊದಲೇ ಕೈಗೆ ತಿಳಿಯುವುದು ಹೇಗೆ? (ಶಿರಸಿಯ ಗೃಹಿಣಿಯೊಬ್ಬರು)

ಉತ್ತರ: ನೀವು ಗಮನಿಸಿದ್ದು ಸರಿ. ಆದರೆ ಮೊದಲು ಸುದ್ದಿ ಮುಟ್ಟುವುದು ಬೆನ್ನುಹುರಿಗೆ. ಚರ್ಮದಲ್ಲಿರುವ ಕೆಲವು ನರತುದಿಗಳು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಅಪಾಯವೆಂದು ಗುರುತಿಸುತ್ತವೆ. ಅಲ್ಲಿ ಹುಟ್ಟಿದ ವಿದ್ಯುತ್ ಸಂಕೇತವು ಜ್ಞಾನವಾಹಿ ನರದ ಮೂಲಕ ತೋಳನ್ನು ಹಾದು, ಕತ್ತಿನ ಮಟ್ಟದಲ್ಲಿ ಬೆನ್ನುಹುರಿಯನ್ನು ಹಿಂಬದಿಯಿಂದ ಸೇರುತ್ತದೆ. ಒಳಗಿರುವ ಪುಟ್ಟ ನರಕೋಶಗಳು ಅದನ್ನು ಅಲ್ಲಿಯೇ ಕ್ರಿಯಾವಾಹಿ ನರಕೋಶಗಳಿಗೆ ದಾಟಿಸುತ್ತವೆ. ಆ ಕೂಡಲೇ ತೋಳನ್ನು ಮಡಚುವ ಸ್ನಾಯುಗಳು ಬಿಗಿಯುತ್ತವೆ, ಚಾಚುವ ಸ್ನಾಯುಗಳು ಸಡಿಲವಾಗುತ್ತವೆ. ಶಾಲೆಯಲ್ಲಿ ಪರಾವರ್ತಿತ ಪ್ರತಿಕ್ರಿಯೆ ಎಂದು ಓದಿದ್ದು ಇದನ್ನೇ. ಬೆನ್ನುಹುರಿಗೆ ನೋವಿನ ಅರಿವಿಲ್ಲ. ಕೈಯನ್ನು ಎಳೆದುಕೊಳ್ಳುವ ಕೆಲಸವನ್ನಷ್ಟೇ ಅದು ಮಾಡಿ ಮುಗಿಸುತ್ತದೆ.

ಅದೇ ಸುದ್ದಿ ಮೆದುಳಿಗೂ ಹೋಗುತ್ತದೆ, ಆದರೆ ಎರಡು ಬಗೆಯ ತಂತುಗಳಲ್ಲಿ. ಮಯಲಿನ್ ಎಂಬ ಕೊಬ್ಬಿನ ತೆಳು ಹೊದಿಕೆಯಿರುವ ತಂತುಗಳು ಸಂಕೇತವನ್ನು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಒಯ್ಯುತ್ತವೆ. ಹೊದಿಕೆಯಿಲ್ಲದ ಸಪೂರ ತಂತುಗಳ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಬೆರಳು ತಗುಲಿದೊಡನೆ ಚುರ್ರೆನ್ನುವುದು ಮೊದಲನೆಯ ತಂತುಗಳ ಕೆಲಸ. ಸುಮಾರು ಒಂದು ಸೆಕೆಂಡು ತಡೆದು ಬಂದು, ಬೆರಳನ್ನು ನೀರಿನಲ್ಲಿ ಅದ್ದಿದರೂ ಬಿಡದೆ ಕಾಡುವ ಉರಿ ಎರಡನೆಯವುಗಳದು.

ಹಾಗೆಂದು ಮೆದುಳಿಗೆ ಇದರಲ್ಲಿ ಅಧಿಕಾರವೇ ಇಲ್ಲವೆಂದು ತಿಳಿಯಬೇಡಿ. ಬಿಸಿ ಕಾಫಿಯ ಸ್ಟೀಲ್ ಲೋಟ ಬೆರಳನ್ನು ಸುಡುತ್ತಿದ್ದರೂ, ಬಂದ ನೆಂಟರ ಮುಂದೆ ಇಡುವ ತನಕ ಅದನ್ನು ಕೆಳಗೆ ಹಾಕದೆ ಹಿಡಿದಿರುತ್ತೀರಲ್ಲ, ಆಗ ಮೆದುಳಿನಿಂದ ಇಳಿದು ಬಂದ ಸಂಕೇತಗಳು ಬೆನ್ನುಹುರಿಯ ಈ ಪ್ರತಿಕ್ರಿಯೆಯನ್ನು ತಡೆದಿರುತ್ತವೆ. ಕಿರುಬೆರಳಿನಷ್ಟು ದಪ್ಪದ, ವಯಸ್ಕರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದದ ಈ ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಅದನ್ನು ಮೆದುಳಿಗೆ ಜೋಡಿಸಿದ ಬರಿಯ ತಂತಿಯೆಂಬಂತೆ ಚಿತ್ರಿಸುವ ಪಠ್ಯಪುಸ್ತಕಗಳ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಮಾಧಾನವಿದೆ.

ಪ್ರಶ್ನೆ: ನಮ್ಮ ಅಜ್ಜನಿಗೆ ಮೆದುಳಿನ ಎಡಭಾಗದಲ್ಲಿ ಪಾರ್ಶ್ವವಾಯು ಆಗಿದೆ ಎನ್ನುತ್ತಾರೆ. ಆದರೆ ಸ್ವಾಧೀನ ತಪ್ಪಿರುವುದು ಬಲಗೈ ಮತ್ತು ಬಲಗಾಲು. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ, ಮಾತು ಮಾತ್ರ ಬರುವುದಿಲ್ಲ. ಏಕೆ ಹೀಗೆ? (ಹಾವೇರಿಯ ವಿದ್ಯಾರ್ಥಿನಿ)

ಉತ್ತರ: ಕೈಕಾಲುಗಳನ್ನು ಆಡಿಸುವ ನರತಂತುಗಳು ಮೆದುಳಿನ ಹೊರಪದರದಿಂದ ಹೊರಟು ಕೆಳಗಿಳಿಯುವಾಗ, ಮೆದುಳು ಬೆನ್ನುಹುರಿಯನ್ನು ಸೇರುವ ಮೆಡುಲ್ಲಾ ಎಂಬ ಭಾಗದ ತಳದಲ್ಲಿ ಬಹುಪಾಲು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿಕೊಳ್ಳುತ್ತವೆ. ಆದ್ದರಿಂದ ಎಡ ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡರೆ ಸ್ವಾಧೀನ ತಪ್ಪುವುದು ದೇಹದ ಬಲಭಾಗ.

ಮಾತಿನ ವಿಷಯ ಬೇರೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಪರೀಕ್ಷಿಸಿದರು. ಕೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿದ್ದರೂ ಆತನ ಬಾಯಿಂದ ಹೆಚ್ಚುಕಡಿಮೆ ‘ಟಾನ್’ ಎಂಬ ಒಂದೇ ಸದ್ದು ಹೊರಡುತ್ತಿತ್ತು. ಆತ ತೀರಿಕೊಂಡ ಮೇಲೆ ನೋಡಿದಾಗ ಎಡ ಮೆದುಳಿನ ಮುಂಭಾಗ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ತದ್ವಿರುದ್ಧವಾದ ತೊಂದರೆಯನ್ನು ವಿವರಿಸಿದರು: ಅಂಥವರು ಸರಾಗವಾಗಿ ಮಾತನಾಡುತ್ತಾರೆ, ಆದರೆ ಆ ಮಾತಿಗೆ ಅರ್ಥವಿರುವುದಿಲ್ಲ, ಇತರರ ಮಾತೂ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಅವರಲ್ಲಿ ಕೆಟ್ಟಿರುವುದು ಎಡಗಿವಿಯ ಮೇಲ್ಮಟ್ಟದಲ್ಲಿ, ಇನ್ನಷ್ಟು ಹಿಂದಿರುವ ಭಾಗ. ಬಲಗೈ ಬಳಸುವವರಲ್ಲಿ ಬಹುತೇಕ ಎಲ್ಲರಿಗೂ, ಎಡಚರಲ್ಲಿಯೂ ಹೆಚ್ಚಿನವರಿಗೆ, ಭಾಷೆಯ ಮುಖ್ಯ ಕೆಲಸ ನಡೆಯುವುದು ಎಡ ಮೆದುಳಿನಲ್ಲಿಯೇ. ನೀವು ಬರೆದಿರುವುದನ್ನು ನೋಡಿದರೆ ಅಜ್ಜನ ಸ್ಥಿತಿ ಬ್ರೋಕಾ ಕಂಡದ್ದಕ್ಕೆ ಹತ್ತಿರವಾಗಿದೆ. ಖಚಿತವಾಗಿ ಹೇಳಬೇಕಾದವರು ಅವರ ವೈದ್ಯರು.

ಮನೆಯವರು ಮಾಡಬೇಕಾದದ್ದೂ ಇದೆ. ಅವರಿಗೆ ಅರ್ಥವಾಗುತ್ತದೆಯಾದ್ದರಿಂದ ಎದುರಿಗೇ ಕುಳಿತು ಅವರ ಬಗ್ಗೆ ಚರ್ಚಿಸಬೇಡಿ. ಹೌದು, ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಚಿಕ್ಕ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ಸಮಯ ಕೊಡಿ. ಮಾತು ನಿಂತವರು ಬಾಯಿಪಾಠವಾಗಿರುವ ಹಾಡಿನ ಸಾಲನ್ನು ಪದಗಳ ಸಮೇತ ಹಾಡಿಬಿಡುವುದುಂಟು. ಅಜ್ಜನಿಗೆ ದಾಸರ ಪದಗಳು ಬರುತ್ತಿದ್ದರೆ ಜೊತೆಗೆ ಕುಳಿತು ಹಾಡಿ ನೋಡಿ. ವಾಕ್ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ವಿಚಾರಿಸಬಹುದು. ಇತರ ಓದುಗರಿಗೂ ಒಂದು ಮಾತು: ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋತು ಬೀಳುವುದು, ಮಾತು ತೊದಲುವುದು ಇದ್ದಕ್ಕಿದ್ದಂತೆ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

ಪ್ರಶ್ನೆ: ನಾವು ಮೆದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತೇವೆ ಎಂಬುದು ನಿಜವೇ? (ದಾವಣಗೆರೆಯ ಓದುಗರು)

ಉತ್ತರ: ಸುಳ್ಳು. ಜ್ಞಾಪಕಶಕ್ತಿ ತರಗತಿಗಳ ಜಾಹೀರಾತಿಗೆ ಮಾತ್ರ ಉಪಯೋಗಕ್ಕೆ ಬರುವ ಮಾತಿದು. ಸುಮಾರು 1.4 ಕಿಲೋ ತೂಗುವ ಮೆದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟೇ ಇದ್ದರೂ, ನಾವು ಸುಮ್ಮನೆ ಕುಳಿತಾಗಲೂ ದೇಹ ಬಳಸುವ ಆಮ್ಲಜನಕದ ಐದನೆಯ ಒಂದು ಭಾಗ ಅದಕ್ಕೆ ಬೇಕು. ನಾವು ನಿದ್ರಿಸುವಾಗಲೂ ಅದು ಕೆಲಸ ನಿಲ್ಲಿಸುವುದಿಲ್ಲ. ಅದರಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು, ನಡಿಗೆಯ ತೂಕ ತಪ್ಪದಂತೆ ನೋಡಿಕೊಳ್ಳುವ, ತಲೆಯ ಹಿಂಬದಿಯ ಕಿರುಮೆದುಳಿನಲ್ಲಿಯೇ ಇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿಜವಾದ ಮೆದುಳುಗಳ ಸಂಗ್ರಹಾಲಯವಿದೆ. ಆ ಕಡೆ ಹೋದಾಗ, ತೆರೆದಿರುವ ದಿನವನ್ನು ವಿಚಾರಿಸಿಕೊಂಡು ಒಮ್ಮೆ ನೋಡಿ ಬನ್ನಿ.